ಸುಜಾತಳ ಬಾಟಲಿಗೆ ನಾನು ತುಂಬಿದ ಉಪ್ಪು

ಸುಜಾತ, ನಿನ್ನ ಬಾಟಲಿಯಲ್ಲಿದ್ದ ಉಪ್ಪನ್ನು ಬದಲಾಯಿಸಿದವಳು ನಾನು. ನಿನ್ನ ಕೈ ಕೆಟ್ಟಿರಲಿಲ್ಲ, ನಿನ್ನ ಪ್ರಯೋಗ ಸುಳ್ಳಾಗಿರಲಿಲ್ಲ. ಮೊದಲು ಬಂದ ಫಲಿತಾಂಶ ನಿಜವಾದದ್ದೇ — ಅದು ಬಂದಾಗ ನಾನು ನಿನ್ನ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದೆ. ಆಮೇಲೆ ಗೈಡ್ ಕೇಳಿದಾಗ, ನೋಡಿಯೇ ಇಲ್ಲ ಎಂಬಂತೆ ಮಾತಾಡಿದೆ.

ಇಷ್ಟನ್ನು ಬರೆಯುವಷ್ಟರಲ್ಲಿ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿಬಂದೆ. ಮನೆಯಲ್ಲಿ ಯಾರೂ ಇಲ್ಲ. ಹೊಳೆನರಸೀಪುರದ ಈ ಬಿಸಿಲಿಗೆ ಬೀದಿಯಲ್ಲೂ ಯಾರೂ ಇಲ್ಲ. ಆದರೂ ಯಾರೋ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾರೆ ಅನ್ನಿಸುತ್ತಿದೆ. ಕಾಲೇಜಿನಲ್ಲಿ ಹುಡುಗಿಯರು ನನ್ನನ್ನು ಕಂಡರೆ ಹೆದರುತ್ತಾರೆ. ವನಜಾ ಮೇಡಂ ಬಂದರು ಎಂದರೆ ಲ್ಯಾಬಿನಲ್ಲಿ ಪಿಸುಮಾತೂ ನಿಲ್ಲುತ್ತದೆ. ಆ ಕಟ್ಟಡದಲ್ಲಿ ನನ್ನಷ್ಟು ಪುಕ್ಕಲಿ ಇನ್ನೊಬ್ಬಳಿಲ್ಲ ಎಂಬುದು ಪಾಪ ಅವರಿಗೆ ಗೊತ್ತಿಲ್ಲ.

ನಿನ್ನೊಬ್ಬಳ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಿನ್ನ ಹೆಸರು ಕೆಟ್ಟಿದ್ದು ಗುಟ್ಟಾಗಿ ಅಲ್ಲ, ಇಡೀ ವಿಭಾಗದ ಮುಂದೆ. ಅದಕ್ಕೇ ಹತ್ತು ಜನ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಓದುವವರಿಗಾಗಿ ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡ.

ಹಾಸನದ ಹೊರಗಿನ ಆ ಸಂಶೋಧನಾ ಕೇಂದ್ರದಲ್ಲಿ ನಾವಿಬ್ಬರೂ ಒಬ್ಬರೇ ಗೈಡ್ ಕೈಕೆಳಗೆ ಪಿಎಚ್‌ಡಿಗೆ ಸೇರಿದ್ದೆವು. ಕೂಲಿ ಮಾಡಿ, ಡೈರಿಗೆ ಹಾಲು ಹಾಕಿ ನಿನ್ನನ್ನು ಓದಿಸಿದವರು ನಿಮ್ಮಪ್ಪ. ನೀನು ದಿನಾ ದುದ್ದದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ನಾನು ಹಾಸನದಲ್ಲೇ ರೂಮು ಮಾಡಿಕೊಂಡಿದ್ದೆ. ನಮ್ಮ ಮನೆಯಲ್ಲಿ ಜಮೀನಿತ್ತು, ಹೆಸರಿತ್ತು. ಗೈಡಿಗೆ ನಮ್ಮಪ್ಪನ ಪರಿಚಯವೂ ಇತ್ತು. ನೀನು ತರುತ್ತಿದ್ದ ರಾಗಿರೊಟ್ಟಿ ಹುಚ್ಚೆಳ್ಳು ಚಟ್ನಿಯಲ್ಲಿ ಮುಕ್ಕಾಲು ಭಾಗ ತಿನ್ನುತ್ತಿದ್ದವಳು ನಾನೇ. ನಮ್ಮ ಬೆಂಚುಗಳು ಅಕ್ಕಪಕ್ಕ. ನಿನ್ನ ಫ್ಲಾಸ್ಕಿನಲ್ಲಿ ಏನೇ ಆದರೂ ನನಗೆ ಕಾಣುತ್ತಿತ್ತು — ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಕೆಲಸ ಏನೆಂದು ಸರಳವಾಗಿ ಹೇಳಿಬಿಡುತ್ತೇನೆ. ಫ್ಲಾಸ್ಕಿನ ಕೆಳಗೆ ಕ್ಷಾರದ ನೀರು, ಮೇಲೆ ಎಣ್ಣೆಯಂಥ ದ್ರಾವಕ. ಎಷ್ಟು ಕಲಕಿದರೂ ಎರಡೂ ಬೆರೆಯುವುದಿಲ್ಲ. ಒಂದಕ್ಕೊಂದು ಸೇರಿ ಕ್ರಿಯೆ ನಡೆಸಬೇಕಾದ ವಸ್ತುಗಳು ಒಂದು ಮೇಲೆ, ಒಂದು ಕೆಳಗೆ ಉಳಿದುಬಿಡುತ್ತವೆ. ಅಲ್ಲಿಗೆ ಒಂದು ವಿಶೇಷವಾದ ಉಪ್ಪನ್ನು ಚಿಟಿಕೆಯಷ್ಟು ಹಾಕುತ್ತಾರೆ. ಫೇಸ್ ಟ್ರಾನ್ಸ್‌ಫರ್ ಕ್ಯಾಟಲಿಸ್ಟ್ ಎಂದು ಅದರ ಹೆಸರು. ಆ ಉಪ್ಪಿನ ಧನ ಅಯಾನು ಎಣ್ಣೆಯನ್ನು ಇಷ್ಟಪಡುವ ಜಾತಿಯದು. ಅದು ನೀರಿನ ಅಂಚಿನಲ್ಲಿರುವ ಋಣ ಅಯಾನನ್ನು ಜೊತೆ ಮಾಡಿಕೊಂಡು, ಎರಡೂ ಒಂದು ಜೋಡಿಯಾಗಿ ಮೇಲಕ್ಕೆ ಹೋಗುತ್ತವೆ. ಅಲ್ಲಿ ಜೊತೆಗಾರನನ್ನು ಬಿಟ್ಟು ಮತ್ತೆ ಬರುತ್ತದೆ, ಇನ್ನೊಂದನ್ನು ಕರೆದೊಯ್ಯುತ್ತದೆ. ಕೆಲಸವೆಲ್ಲ ನಡೆಯುವುದು ಹೀಗೆ ಬಿಟ್ಟು ಬರುವುದರಿಂದ.

ನಿನಗೆ ಅದು ಸಿದ್ಧಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮೇಲಿನ ಪದರಕ್ಕೆ ಕಿತ್ತಳೆ ಬಣ್ಣ ಏರಿದರೆ ಕ್ರಿಯೆ ಶುರುವಾಯಿತೆಂದು ಅರ್ಥ. ನೀನು ಕೂಗಿದೆ, "ಲೇ ವನಜ, ಬಾರೆ ಇಲ್ಲಿ! ನೋಡೆ, ಬಣ್ಣ ಬತ್ತಾ ಐತೆ ಕಣೆ!" ನಾನು ಓಡಿ ಬಂದೆ. ನಿನ್ನ ಭುಜ ಹಿಡಿದುಕೊಂಡು ನೋಡಿದೆ. ಬಣ್ಣ ಬರುತ್ತಿತ್ತು. ಆಮೇಲೆ ನೀನು ಅದನ್ನೇ ಮತ್ತೆ ಮಾಡಿದಾಗಲೂ ಬಂತು. ಗೈಡ್ ಹಿಗ್ಗಿ ಹೀರೇಕಾಯಿಯಾದರು, ವಿಭಾಗದ ಎಲ್ಲರ ಮುಂದೆ ಮಾಡಿ ತೋರಿಸಬೇಕೆಂದು ದಿನವನ್ನೂ ಗೊತ್ತು ಮಾಡಿದರು.

ನಿನ್ನ ಆ ಉಪ್ಪಿನ ಬಾಟಲಿ ಗೈಡ್ ತಮ್ಮ ಬೀರುವಿನಿಂದ ತೆಗೆದುಕೊಟ್ಟದ್ದು. ಕೊಡುವಾಗಲೇ ಹೇಳಿದ್ದರು, "ಇದು ಮುಗುದ್ರೆ ಸದ್ಯಕ್ಕೆ ಇನ್ನೊಂದು ಬರಲ್ಲ. ಚೆಲ್ಲಿಕೊಂಡು ನನ್ನ ಮುಂದೆ ಬಂದು ನಿಂತ್ಕೋಬೇಡಿ." ಅವರು ಕೂಗಾಡುವ ಮನುಷ್ಯರಲ್ಲ. ಸುಮ್ಮನೆ ಕನ್ನಡಕದ ಮೇಲಿಂದ ನೋಡುತ್ತಿದ್ದರು, ಅಷ್ಟೇ. ಆ ನೋಟ ತಪ್ಪಿಸಿಕೊಳ್ಳಲು ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಎಲ್ಲರ ಮುಂದೆ ತೋರಿಸಲು ಇನ್ನೂ ಕೆಲವು ದಿನ ಇದ್ದಾಗ, ಒಂದು ದಿನ ನೀನು ಲೈಬ್ರರಿಗೆ ಹೋಗಿದ್ದೆ. ನನ್ನ ಪ್ರಯೋಗದ ಉಪ್ಪಿನೊಡನೆ ಹೋಲಿಸಿ ನೋಡಲು ನನಗೆ ನಿನ್ನ ಉಪ್ಪು ಒಂದು ಚಮಚೆಯಷ್ಟು ಬೇಕಾಗಿತ್ತು. ನಮ್ಮ ಲ್ಯಾಬಿನಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ ತೆಗೆದುಕೊಳ್ಳುತ್ತಿದ್ದೆವು. ಒದ್ದೆ ಗ್ಲೌಸಿನಲ್ಲೇ ಬಾಟಲಿ ಎತ್ತಿದೆ. ಜಾರಿತು. ಸಿಂಕಿನೊಳಗೆ ಬಿದ್ದು, ನಲ್ಲಿಯ ನೀರು ನಿಂತಿದ್ದ ಕಡೆ ಪೂರ್ತಿ ಚೆಲ್ಲಿಕೊಂಡಿತು. ನಾನು ಕೈಯಿಂದ ಬಾಚುವಷ್ಟರಲ್ಲಿ ಅದು ಕರಗಿ ಹೋಗುತ್ತಿತ್ತು — ಬೆರಳ ಸಂದಿಯಲ್ಲಿ ಕರಗಿ ಹೋಗುತ್ತಿತ್ತು ಸುಜಾತ, ನಾನು ನೋಡುತ್ತಾ ನಿಂತಿದ್ದೆ. ಬಾಟಲಿ ಮಾತ್ರ ಒಡೆದಿರಲಿಲ್ಲ. ಒಡೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ನನ್ನ ಹತ್ತಿರ ಅಂಥದೇ ಬಿಳಿ ಉಪ್ಪು ಇತ್ತು. ನನ್ನ ಪ್ರಯೋಗಗಳಿಂದ ವಾಪಸ್ಸು ತೆಗೆದು, ಒಣಗಿಸಿ ಇಟ್ಟುಕೊಂಡಿದ್ದು. ಧನ ಅಯಾನು ಎರಡರಲ್ಲೂ ಒಂದೇ. ನಿನ್ನದರಲ್ಲಿ ಅದರ ಜೊತೆ ಸಲ್ಫೇಟ್ ಇತ್ತು, ನನ್ನದರಲ್ಲಿ ಅಯೋಡೈಡ್. ಹೊರುವವನು ಅವನೇ ತಾನೆ, ಜೊತೆಗೆ ಯಾರಿದ್ದರೇನು — ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನನ್ನ ಕ್ರಿಯೆಗೆ ಅಯೋಡೈಡ್ ಉಪ್ಪು ಸೊಗಸಾಗಿ ಕೆಲಸ ಮಾಡುತ್ತಿತ್ತು, ಆ ಧೈರ್ಯ ಬೇರೆ. ಬಾಟಲಿ ಒರೆಸಿ, ಒಣಗಿಸಿ, ನನ್ನ ಉಪ್ಪನ್ನು ಅದೇ ಮಟ್ಟಕ್ಕೆ ತುಂಬಿದೆ. ಮುಚ್ಚಳ ಹಾಕಿದೆ. ನೀನು ಬಂದು "ಯಾಕೆ ಅಂಗೆ ಬೆವ್ತಿದೀಯೆ?" ಅಂದೆ. ನಾನು ಸೆಖೆ ಅಂದೆ.

ಮಾರನೆಯ ದಿನ ನಿನ್ನ ಫ್ಲಾಸ್ಕಿಗೆ ಬಣ್ಣ ಬರಲಿಲ್ಲ.

"ಓದ್ಸಲ ಮಾಡ್ದಂಗೇ ಮಾಡಿವ್ನಿ ಕಣೆ. ಅದೇ ಬಾಟ್ಲಿ, ಅದೇ ನೀರು, ಅದೇ ಕೈ. ಯಾಕೆ ಬತ್ತಿಲ್ಲ?" ಎಂದು ನೀನು ನನ್ನನ್ನೇ ಕೇಳಿದೆ. ನಾನು ಬಿಸಿ ಸಾಲದೇನೋ ಅಂದೆ. ಕಲಕುವುದು ನಿಧಾನವಾಯಿತೇನೋ ಅಂದೆ. ನೀನು ನಂಬಿದೆ. ಬಿಸಿ ಹೆಚ್ಚಿಸಿದೆ, ಜೋರಾಗಿ ಕಲಕಿದೆ, ದ್ರಾವಕ ಬದಲಾಯಿಸಿದೆ, ಗಾಜಿನ ಸಾಮಾನನ್ನೆಲ್ಲ ಮತ್ತೆ ಮತ್ತೆ ತೊಳೆದೆ. ಬದಲಾಯಿಸದೆ ಉಳಿಸಿಕೊಂಡದ್ದು ಆ ಬಾಟಲಿಯೊಂದನ್ನೇ, ಯಾಕೆಂದರೆ ಅದು ಗೈಡ್ ಕೊಟ್ಟದ್ದು, ನಂಬಿಕೆಯದ್ದು. ನಾನು ಪಕ್ಕದ ಬೆಂಚಿನಲ್ಲಿ ಬಗ್ಗಿ ಕೆಲಸ ಮಾಡುವವಳ ಹಾಗೆ ನಟಿಸುತ್ತಿದ್ದೆ. ಆಗ ನನಗೆ ಅನುಮಾನ ಇತ್ತೇ? ಇತ್ತು. ಖಚಿತವಾಗಿ ಗೊತ್ತಿರಲಿಲ್ಲ ಎಂದು ಬರೆದು ಪಾರಾಗುವ ಆಸೆ ಈಗಲೂ ಬರುತ್ತಿದೆ — ಬೇಡ. ಅನುಮಾನ ಇತ್ತು. ಬಾಟಲಿಯಿಂದ ಒಂದು ಚೂರು ತೆಗೆದು ನೀರಿಗೆ ಹಾಕಿ ಸಿಲ್ವರ್ ನೈಟ್ರೇಟ್ ಬಿಟ್ಟಿದ್ದರೆ ಅಯೋಡೈಡ್ ಹಳದಿಯಾಗಿ ಎಲ್ಲವನ್ನೂ ಹೇಳಿಬಿಡುತ್ತಿತ್ತು. ನೀನು ಎಲ್ಲಿ ಆ ಪರೀಕ್ಷೆ ಮಾಡುತ್ತೀಯೋ ಎಂದು ದಿನವಿಡೀ ನಿನ್ನ ಕೈಯನ್ನೇ ನೋಡುತ್ತಿದ್ದೆ.

ಎಲ್ಲರೂ ಸೇರಿದ ದಿನವೂ ಬಣ್ಣ ಬರಲಿಲ್ಲ. ಮೇಷ್ಟರುಗಳೆಲ್ಲ ಸುತ್ತ ನಿಂತು ನೋಡಿದರು, ಆಮೇಲೆ ಕೈಗಡಿಯಾರ ನೋಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಹೊರಟರು. ಒಬ್ಬರು ಹೋಗುತ್ತಾ, "ಮೊದಲ್ನೇ ಸಲದ ಬಣ್ಣ ಎಲ್ಲಿಂದ ಬಂತಂತೆ?" ಎಂದು ನಕ್ಕರು. ನಿನ್ನ ಜಾತಿಯನ್ನು ಯಾರೂ ಬಾಯಲ್ಲಿ ಹೇಳಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ. ಅನುಮಾನ ತಾನಾಗಿಯೇ ನಿನ್ನ ಮೇಲೆ ಹೋಗಿ ಕೂತಿತು. ಅದೇ ಬಣ್ಣ ನನ್ನ ಫ್ಲಾಸ್ಕಿನಲ್ಲಿ ಬಾರದೆ ಹೋಗಿದ್ದರೆ, ಪಾಪ ಹುಡುಗಿ, ಗ್ರಹಚಾರ ಸರಿಯಿಲ್ಲ ಎನ್ನುತ್ತಿದ್ದರು. ಅದು ನನಗೆ ಅವತ್ತೇ ಗೊತ್ತಿತ್ತು.

ಗೈಡ್ ನನ್ನನ್ನು ಒಳಗೆ ಕರೆದರು. ನೀನು ಬಾಗಿಲ ಹತ್ತಿರ ನಿಂತಿದ್ದೆ.

"ವನಜಾ, ನೀನು ಪಕ್ಕದ ಬೆಂಚಲ್ಲೇ ಇರೋಳು. ಮೊದಲ್ನೇ ಸಲ ನಿಜವಾಗ್ಲೂ ಬಂದಿತ್ತೇನಮ್ಮ? ನೀನು ನೋಡಿದ್ಯಾ?"

ಕನ್ನಡಕದ ಮೇಲಿನ ಆ ನೋಟ. ನೋಡಿದೆ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಈಗ ಯಾಕೆ ಬರಲಿಲ್ಲ? ಆಮೇಲೆ ಬಾಟಲಿ. ಆಮೇಲೆ ನಾನು.

"ಸರಿಯಾಗಿ ಗೊತ್ತಿಲ್ಲ ಸರ್" ಅಂದೆ.

ನೀನು ಒಂದು ಸಲ ನನ್ನ ಕಡೆ ನೋಡಿದೆ. ಕೋಪದಿಂದಲ್ಲ — ಏನೋ ಲೆಕ್ಕ ತಪ್ಪಿದವರ ಹಾಗೆ, ನಿನ್ನದೇ ನೆನಪಿನ ಮೇಲೆ ಅನುಮಾನ ಬಂದವಳ ಹಾಗೆ ನೋಡಿದೆ.

ಅವತ್ತು ಸಂಜೆ ನೀನು ಬ್ಯಾಗನ್ನು ಬೆಂಚಿನ ಮೇಲೇ ಬಿಟ್ಟು ಹೊರಟುಹೋಗಿದ್ದೆ. ಫೋನು ಬ್ಯಾಗಿನೊಳಗೇ ಇತ್ತು. ನಾನು ಹಾಸನದ ಬಸ್ ಸ್ಟ್ಯಾಂಡಿಗೆ ಓಡಿದೆ. ದುದ್ದದ ಬಸ್ಸಿನ ಪ್ರತಿ ಕಿಟಕಿಯಲ್ಲೂ ಇಣುಕಿದೆ, ನೀನಿರಲಿಲ್ಲ. ಕೆರೆ ಕಡೆ ಹೋದೆ. ಏರಿಯ ಮೇಲೆ ಯಾರೋ ಹೆಂಗಸು ಬಟ್ಟೆ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು — ಅದು ನೀನೇ ಎಂದು ಓಡಿ, ಅಲ್ಲವೆಂದು ಗೊತ್ತಾಗಿ, ಅಲ್ಲೇ ಕುಸಿದು ಕೂತೆ. ಜೀವಮಾನದಲ್ಲಿ ಅಷ್ಟು ಹೆದರಿದವಳಲ್ಲ ನಾನು. ಆಗ ದೇವರ ಮುಂದೆ ಏನು ಬೇಡಿಕೊಂಡೆ ಗೊತ್ತೇ? ನೀನು ಬದುಕಿದ್ದರೆ ಎಲ್ಲ ಹೇಳಿಬಿಡುತ್ತೇನೆ ಎಂದು. ಕೊನೆಗೆ ನಿಮ್ಮ ಪಕ್ಕದ ಮನೆಯವರ ಫೋನಿಗೆ ಮಾಡಿದಾಗ ನಿಮ್ಮಪ್ಪ ಬಂದು ಮಾತಾಡಿದರು. "ಬಂದವ್ಳೆ ಕಣವ್ವ. ಯಾರ್ದೋ ಗಾಡೀಲಿ ಬಂದ್ಲು. ಸುಸ್ತಾಗೈತೆ ಅಂತ ಮನೀಕಂಡವ್ಳೆ. ನೀನ್ಯಾಕವ್ವ ಅಳ್ತೀಯ?" ಅಂದರು. ನೀನು ಬದುಕಿದ್ದೆ. ನಾನು ಹೇಳಲಿಲ್ಲ. ಹೆದರಿಕೆ ಇಳಿದ ಕೂಡಲೇ ಹರಕೆಯೂ ಮರೆತುಹೋಯಿತು.

ನೀನು ಮತ್ತೆ ಬರಲಿಲ್ಲ. ಬಿ.ಎಡ್. ಸೇರಿದೆ, ಮದುವೆಯಾಯಿತು, ಅರಕಲಗೂಡಿಗೆ ಹೋದೆ ಎಂದು ಬೇರೆಯವರಿಂದ ಕೇಳಿದೆ.

ಇಷ್ಟೇ ಆಗಿದ್ದರೆ ನಾನು ಬರೀ ಪುಕ್ಕಲಿ. ಇದರ ಮುಂದಿನದು ಅದಕ್ಕಿಂತ ಹೊಲಸು.

ನೀನು ಹೋದ ಮೇಲೆ ಹೊಸ ಬಾಟಲಿ ಬಂತು. ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ ಎರಡು ಫ್ಲಾಸ್ಕ್ ಜೋಡಿಸಿದೆ. ಎರಡಕ್ಕೂ ನಿನ್ನ ಪ್ರಯೋಗದ ಹಾಗೆಯೇ ಎಲ್ಲ ಹಾಕಿದೆ. ಒಂದಕ್ಕೆ ಮಾತ್ರ ಚಿಟಿಕೆ ಅಯೋಡೈಡ್ ಬೆರೆಸಿದೆ. ಬೆರೆಸದ ಫ್ಲಾಸ್ಕಿಗೆ ಕಿತ್ತಳೆ ಬಣ್ಣ ಬಂತು, ಇನ್ನೊಂದು ಹಾಗೇ ಪೆಚ್ಚಾಗಿ ಕೂತಿತು. ಕಾರಣ ಆಗ ಅರ್ಥವಾಯಿತು. ಸಲ್ಫೇಟ್ ನೀರನ್ನೇ ಇಷ್ಟಪಡುತ್ತದೆ, ಬೇಗ ಇಳಿದು ಹೋಗಿ ಜಾಗ ಬಿಡುತ್ತದೆ. ಅಯೋಡೈಡ್ ಹಾಗಲ್ಲ. ಅದು ದಪ್ಪ, ಮೆತ್ತಗಿನ ಅಯಾನು, ಎಣ್ಣೆಯ ಪದರದಲ್ಲಿ ಧನ ಅಯಾನಿನ ಜೊತೆ ಹಾಯಾಗಿ ಇದ್ದುಬಿಡುತ್ತದೆ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಸೀಟು ಹಿಡಿದವನು ಕೊನೆಯ ಸ್ಟಾಪಿನಲ್ಲೂ ಇಳಿಯದಿದ್ದರೆ ಹೊಸಬರು ಹತ್ತುವುದೆಲ್ಲಿ? ನಿನ್ನ ಕ್ರಿಯೆಗೆ ಬೇಕಾದ ಅಯಾನು ಕೆಳಗೆ ಕಾದುಕೊಂಡೇ ಉಳಿಯಿತು. ನನ್ನ ಕ್ರಿಯೆಗೆ ಕ್ಷಾರ ಬೇಕಿರಲಿಲ್ಲ, ಆದ್ದರಿಂದ ನನಗೆ ಅದು ಯಾವತ್ತೂ ಗೊತ್ತಾಗಿರಲಿಲ್ಲ.

ನಾನು ಲ್ಯಾಬಿನ ನೆಲದ ಮೇಲೆ ಕೂತೆ. ಆಗಲೂ ಎದ್ದು ದುದ್ದದ ಬಸ್ಸು ಹತ್ತಬಹುದಿತ್ತು. ಅಷ್ಟರಲ್ಲಿ ಗೈಡ್ ಒಳಗೆ ಬಂದರು. ಎರಡೂ ಫ್ಲಾಸ್ಕ್ ನೋಡಿದರು, ಏನು ಹಾಕಿದೆ ಎಂದು ಕೇಳಿದರು. ಹೇಳಿದೆ. ಅವರ ಮುಖ ಅರಳಿತು.

"ಇದು ಬಾಳ ಚೆನ್ನಾಗಿದೆ ಕಣಮ್ಮ! ಹಂಗಾದ್ರೆ ಆ ಹುಡುಗಿ ಎಲ್ಲೋ ಅಯೋಡೈಡ್ ಬೆರೆಸ್ಕೊಂಡಿರ್ಬೇಕು. ಅಜಾಗರೂಕತೆ. ಇರ್ಲಿ ಬಿಡು, ನೀನು ಇದನ್ನೇ ಮುಂದುವರಿಸು."

ನಾನು ತಲೆ ಆಡಿಸಿದೆ.

ಸುಳ್ಳುಗಾತಿ ಎನ್ನಿಸಿಕೊಂಡಿದ್ದ ನೀನು ಆ ಒಂದು ಮಾತಿನಲ್ಲಿ ಅಜಾಗರೂಕಳಾದೆ. ಅದನ್ನೂ ನಿನಗೆ ಯಾರೂ ತಿಳಿಸಲಿಲ್ಲ. ನಾನು ಅದನ್ನೇ ಮುಂದುವರಿಸಿದೆ. ಯಾವ ಅಯಾನು ಯಾವುದನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ಜೋಡಿ ಬಿಗಿಯಾದರೆ ಕ್ರಿಯೆ ಹೇಗೆ ಸೊರಗುತ್ತದೆ, ಸಡಿಲವಾದರೆ ಹೇಗೆ ಚುರುಕಾಗುತ್ತದೆ — ಅಯಾನು ಜೋಡಿಯ ಮೇಲೆ ಇಡೀ ಮಹಾಪ್ರಬಂಧ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರು, "ಅಯೋಡೈಡಿನ ಈ ಪರಿಣಾಮ ನಿಮ್ಮ ಗಮನಕ್ಕೆ ಮೊದಲು ಬಂದದ್ದು ಹೇಗೆ?" ಎಂದು ಕೇಳಿದರು. "ಒಂದು ಸಲ ಆಕಸ್ಮಿಕವಾಗಿ, ಸರ್" ಅಂದೆ. ಎಲ್ಲರೂ ಮೆಚ್ಚಿಕೊಂಡು ನಕ್ಕರು. ಹೊರಗೆ ಬಂದು ವಾಂತಿ ಮಾಡಿಕೊಂಡೆ, ಕೈತೊಳೆದು ಸಿಹಿ ಹಂಚಿದೆ.

ಆ ಡಾಕ್ಟರೇಟಿನಿಂದಲೇ ನನ್ನ ಕೆಲಸ, ಮನೆಯ ಮುಂದಿನ ಬೋರ್ಡು, ಕಾಲೇಜಿನ ಮರ್ಯಾದೆ ಎಲ್ಲವೂ. ಇಷ್ಟು ವರ್ಷ ಅಪರಿಚಿತ ನಂಬರಿನಿಂದ ಫೋನು ಬಂದರೆ ಮೊದಲು ನೆನಪಾಗುತ್ತಿದ್ದವಳು ನೀನು. ಎಲ್ಲಿ ಎಲ್ಲ ಗೊತ್ತಾಗಿ ಮಾಡಿದ್ದೀಯೋ ಎಂದು.

ಎರಡು ವಾರದ ಹಿಂದೆ ಚನ್ನರಾಯಪಟ್ಟಣದ ಮದುವೆಮನೆಯಲ್ಲಿ ನಮ್ಮ ಹಳೆಯ ಸಹಪಾಠಿಯೊಬ್ಬಳು ನಮ್ಮಿಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಳು. ನನಗೆ ಓಡಿಹೋಗಬೇಕೆನ್ನಿಸಿತು. ನೀನು ನನ್ನ ಕೈ ಹಿಡಿದುಕೊಂಡೆ, ಎಷ್ಟು ಸಣ್ಣಗಾಗಿದೀಯೆ ಎಂದು ಬೈದೆ, ನಿನ್ನ ಎಲೆಯ ಹೋಳಿಗೆ ತೆಗೆದು ನನ್ನ ಎಲೆಗೆ ಹಾಕಿದೆ. ನಮ್ಮ ನಡುವೆ ನಿನ್ನ ಮಗಳು ಮೈತ್ರಿ ಕೂತಿದ್ದಳು. ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ವಿಜ್ಞಾನದಲ್ಲಿ ಶಾಲೆಗೇ ಮೊದಲಿಗಳು. ಅವಳು ಸೈನ್ಸ್ ತೆಗೆದುಕೊಳ್ಳುತ್ತಾಳೆ ತಾನೆ ಎಂದು ನಾನು ಸುಮ್ಮನೆ, ಮಾತಿಗೆಂದು ಕೇಳಿದೆ.

"ಬ್ಯಾಡ ಅಂದ್ಬುಟ್ಟಿವ್ನಿ ಕಣೆ" ಅಂದೆ ನೀನು. "ಪಾಠ ಓದ್ಕಂಡು ಮಾರ್ಕ್ಸ್ ತಗಿಯೋದು ಬೇರೆ. ಲ್ಯಾಬಲ್ಲಿ ಕೈ ಒದಗ್ಬೇಕು. ನಂಗೇ ಒದಗ್ನಿಲ್ಲ, ಇವ್ಳಿಗೆಲ್ಲಿ ಒದಗ್ತದೆ? ನಾಲ್ಕು ಜನದ್ ಮುಂದೆ ನಾನು ನಿಂತ್ಕಂಡಂಗೆ ಇವ್ಳು ನಿಂತ್ಕಳಾದ್ ಬ್ಯಾಡ. ಕಾಮರ್ಸ್ ತಗಳ್ಲಿ."

ಮೈತ್ರಿ ತಿನ್ನುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಆಂಟಿ, ನೀವು ಜೊತೇಲೇ ಇದ್ರಲ್ಲ. ಅಮ್ಮನ್ ಕೈಲಿ ನಿಜವಾಗ್ಲೂ ಆಯ್ತಾ ಇರ್ಲಿಲ್ವಾ? ನೀವ್ ನೋಡಿದ್ರಾ?"

ಅದೇ ಪ್ರಶ್ನೆ. ಗೈಡ್ ಅಲ್ಲ, ಕನ್ನಡಕದ ನೋಟವಲ್ಲ, ಹದಿನಾರು ವರ್ಷದ ಹುಡುಗಿ. ಅವಳಿಗೂ ನಾನು ಹೆದರಿದೆ. "ಮೊದಲು ಊಟ ಮಾಡಮ್ಮ, ತಣ್ಣಗಾಗ್ತದೆ" ಅಂದೆ. ಅವಳು ತಲೆ ತಗ್ಗಿಸಿದಳು. ನೀನು ಅವಳ ಬೆನ್ನು ಸವರಿದೆ.

ಅಲ್ಲಿಯವರೆಗೆ, ಆದದ್ದು ಆಯಿತು, ಅದು ಮುಗಿದ ಕಥೆ ಎಂದುಕೊಂಡಿದ್ದೆ. ಮುಗಿದಿಲ್ಲ. ನನ್ನ ಉಪ್ಪು ಈಗ ನಿನ್ನ ಮಗಳ ಪಾಲಿಗೂ ಬಂದು ನಿಂತಿದೆ. ಪಿಯುಸಿಗೆ ಅರ್ಜಿ ಹಾಕುವ ಗಡುವು ಬರುವ ವಾರ ಮುಗಿಯುತ್ತದೆ.

ಕಳೆದ ಭಾನುವಾರ ನಿನ್ನ ಮನೆಗೆಂದೇ ಅರಕಲಗೂಡಿಗೆ ಬಂದೆ. ಬಸ್ಸಿಳಿದೆ. ಅಂಗಡಿಯವನೊಬ್ಬನನ್ನು ಕೇಳಿ ನಿನ್ನ ಬೀದಿಯನ್ನೂ ತಿಳಿದುಕೊಂಡೆ. ಬೀದಿಯ ತಿರುವಿನವರೆಗೆ ಹೋದೆ. ಮೈತ್ರಿ ಅಂಗಳದಲ್ಲಿ ನೀರು ಹಾಕುತ್ತಿದ್ದದ್ದು ಕಾಣಿಸಿತು. ತಿರುಗಿ ಬಂದು, ಸಿಕ್ಕ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ವಾಪಸ್ಸಾದೆ.

ನನಗೆ ಯಾವುದರ ಭಯ ಎಂದು ಹೇಳಿಬಿಡುತ್ತೇನೆ. ಪದವಿ ಹೋಗಬಹುದು, ಕೆಲಸ ಹೋಗಬಹುದು, ಗಂಡನ ಮುಂದೆ, ವಿದ್ಯಾರ್ಥಿನಿಯರ ಮುಂದೆ ತಲೆ ಎತ್ತಲಾಗದಿರಬಹುದು. ಅದೆಲ್ಲ ಇದೆ. ಆದರೆ ಅದಕ್ಕಿಂತ ದೊಡ್ಡ ಭಯ ನಿನ್ನ ಮುಖದ್ದು. ಅವತ್ತು ಬಾಗಿಲ ಹತ್ತಿರ ನಿನ್ನ ಮೇಲೇ ಅನುಮಾನಪಟ್ಟುಕೊಂಡ ಆ ಮುಖ, ಇದನ್ನು ಕೇಳಿದ ಮೇಲೆ ನನ್ನ ಕಡೆ ತಿರುಗುತ್ತದಲ್ಲ.

ಗೈಡಿಗೆ ಬರೆದಿದ್ದೇನೆ. ನಿವೃತ್ತರಾಗಿದ್ದಾರೆ, ಇನ್ನೂ ಉತ್ತರ ಬಂದಿಲ್ಲ. ವಿಶ್ವವಿದ್ಯಾಲಯಕ್ಕೂ ಬರೆದಿದ್ದೇನೆ — ಆ ಫಲಿತಾಂಶ ಮೊದಲು ಕಂಡವಳು ನೀನು, ಅದನ್ನು ಕೆಡಿಸಿದವಳು ನಾನು, ಕೆಡಿಸಿದ್ದರಿಂದಲೇ ಪದವಿ ಪಡೆದವಳೂ ನಾನು ಎಂದು. ಅವರು ಏನು ಮಾಡುತ್ತಾರೋ ಮಾಡಲಿ. ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಸ್ವಭಾವವೇ ಅದು, ಮತ್ತೆ ನಾನೇ ಲಾಭ ಮಾಡಿಕೊಂಡಂತಾಗುತ್ತದೆ. ಒಂದು ಮಾತು ಮಾತ್ರ ಹೇಳುತ್ತೇನೆ, ಮಗಳನ್ನು ಸೈನ್ಸಿಗೆ ಸೇರಿಸು. ಅವಳ ತಾಯಿಯ ಕೈ ನಾನು ನೋಡಿದ ಕೈಗಳಲ್ಲೆಲ್ಲ ಒಳ್ಳೆಯ ಕೈ. ನಾನು ನೋಡಿದ್ದೇನೆ, ಬಣ್ಣ ಬಂದಿತ್ತು.

ಇದನ್ನು ಮೊದಲು ಪತ್ರಿಕೆಗೆ ಕಳಿಸಿ, ನೀನು ಓದಿ ಅತ್ತು ಸಿಟ್ಟು ಇಳಿದ ಮೇಲೆ ಬರೋಣ ಎಂದುಕೊಂಡಿದ್ದೆ. ಅದೂ ಹೆದರಿಕೆಯೇ ಎಂದು ಈಗ ತಿಳಿಯಿತು. ಹಾಗಾಗಿ ಇದನ್ನು ಪತ್ರಿಕೆಯವರ ಕೈಗೆ ಕೊಟ್ಟ ದಿನವೇ, ಅದು ಅಚ್ಚಾಗುವ ಮೊದಲೇ, ನಿನ್ನ ಮನೆಗೆ ಬರುತ್ತೇನೆ. ಮೈತ್ರಿಯನ್ನೂ ಕೂರಿಸಿಕೊಂಡು ಬಾಯಿಬಿಟ್ಟು ಹೇಳುತ್ತೇನೆ. ಇದನ್ನು ಓದುವ ಹೊತ್ತಿಗೆ ನೀನು ಎಲ್ಲವನ್ನೂ ನನ್ನ ಬಾಯಿಂದಲೇ ಕೇಳಿರಬೇಕು, ಸುಜಾತ. ಹಾಗಲ್ಲದೆ ಈ ಹಾಳೆಯಿಂದಲೇ ನಿನಗೆ ಮೊದಲ ಸಲ ಗೊತ್ತಾಗುತ್ತಿದ್ದರೆ — ನಾನು ಆ ತಿರುವಿನಿಂದ ಮತ್ತೊಮ್ಮೆ ಓಡಿಹೋದೆ ಎಂದೇ ತಿಳಿ, ಇನ್ನು ಯಾವತ್ತೂ ನನಗೆ ಬಾಗಿಲು ತೆರೆಯಬೇಡ.